ಅಮ್ಮನ ಮಾತು ಮಗನ ಟ್ಯಾಬ್‌ನಲ್ಲಿ

ಹನ್ನೊಂದು ವರ್ಷದ ಹುಡುಗ. ಎರಡು ತಿಂಗಳಿಂದ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ವೈದ್ಯರು ನೋಡಿ ದೇಹದಲ್ಲಿ ತೊಂದರೆಯಿಲ್ಲ ಎಂದ ಮೇಲೆ ತಾಯಿ ಅವನನ್ನು ಆಪ್ತಸಮಾಲೋಚನೆಗೆ ನನ್ನ ಬಳಿ ಕರೆತಂದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಅವರಿಗೆ ಟ್ಯಾಬ್ ಮೇಲೆಯೇ ಅನುಮಾನ. "ಸದಾ ಅದನ್ನೇ ಹಿಡಿದು ಕೂತಿರುತ್ತಾನೆ, ಆಟದ ಚಟ ಹತ್ತಿರಬೇಕು" ಎಂದರು.

ಆಟಕ್ಕೆ ಅಂಟಿಕೊಂಡ ಮಕ್ಕಳಿಂದ ಟ್ಯಾಬ್ ಕಿತ್ತುಕೊಂಡರೆ ಸಿಟ್ಟಿಗೇಳುತ್ತಾರೆ. ಇವನು ಹೆದರುತ್ತಿದ್ದ. ಆ ಹೆದರಿಕೆ ನನ್ನ ಮನಸ್ಸಿನಲ್ಲಿ ಉಳಿಯಿತು.

ಮೂರನೇ ಭೇಟಿಯಲ್ಲಿ ತಾಯಿಯನ್ನು ಹೊರಗೆ ಕೂರಿಸಿ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ ಎಂದು ಕೇಳಿದೆ. ನಾಲ್ಕು ಸಲ ಎಂದ. ಎದ್ದು ಏನು ಮಾಡುತ್ತೀಯ? ಅವನು ಬಾಯಿ ಬಿಡಲಿಲ್ಲ. ತೋರುಬೆರಳನ್ನು ತನ್ನ ಮೂಗಿನ ಕೆಳಗೆ ಅಡ್ಡ ಹಿಡಿದು ತೋರಿಸಿದ. ಅಮ್ಮನ ಉಸಿರು ಬರುತ್ತಿದೆಯೇ ಎಂದು ನೋಡಿ ಬಂದು ಮಲಗುತ್ತಿದ್ದನಂತೆ.

ಆಗಿದ್ದು ಇಷ್ಟು. ಶಾಲೆಯ ಹೋಂವರ್ಕ್ ತಾಯಿಯ ವಾಟ್ಸ್‌ಆಪ್‌ಗೆ ಬರುತ್ತಿತ್ತು. ದಿನವೂ ಫೋನ್ ಕೊಡುವುದು ಬೇಡವೆಂದು ಅವರು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟ್ಯಾಬನ್ನು ತಮ್ಮ ಖಾತೆಗೆ ಜೋಡಿಸಿದ್ದರು, ಆಮೇಲೆ ಮರೆತೂಬಿಟ್ಟಿದ್ದರು. ಹಾಗೆ ಜೋಡಿಸಿದ ಮೇಲೆ ತರಗತಿಯ ಗುಂಪಿನ ಜೊತೆಗೆ ಉಳಿದ ಮಾತುಕತೆಯೂ ಅಲ್ಲಿಗೆ ಹೋಗುತ್ತದೆ, ಫೋನ್ ಆಫ್ ಆಗಿದ್ದರೂ ಹೋಗುತ್ತದೆ. ಒಂದು ರಾತ್ರಿ ತಾಯಿ ತಮ್ಮ ಅಕ್ಕನಿಗೆ "ಮಲಗಿದರೆ ಏಳಲೇಬಾರದು ಅನ್ನಿಸುತ್ತಿದೆ" ಎಂದು ಬರೆದಿದ್ದರು. ಗಣಿತದ ಹಾಳೆ ಹುಡುಕುತ್ತಿದ್ದ ಹುಡುಗನ ಕಣ್ಣಿಗೆ ಅದು ಬಿತ್ತು. ಅಂದಿನಿಂದ ಅವನು ಟ್ಯಾಬ್ ಬಿಟ್ಟಿರಲಿಲ್ಲ. ಕಾವಲು ಕಾಯುತ್ತಿದ್ದ.

ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡ. ಜೀವದ ವಿಷಯದಲ್ಲಿ ಗುಟ್ಟು ಇಟ್ಟುಕೊಳ್ಳಲಾರೆ ಎಂದು ಮೊದಲ ದಿನವೇ ಹೇಳಿದ್ದೆ. ಅಮ್ಮನಿಗೆ ಇಬ್ಬರೂ ಸೇರಿ ಹೇಳೋಣ ಎಂದೆ.

ತಾಯಿಯ ಜೊತೆ ಅಂದೇ ನೇರವಾಗಿ ಮಾತನಾಡಿದೆ. ಸಾವಿನ ಯೋಚನೆ ಬಂದು ಹೋಗುತ್ತಿತ್ತು, ಅದಕ್ಕಾಗಿ ಏನೂ ಯೋಜನೆ ಮಾಡಿಕೊಂಡಿರಲಿಲ್ಲ. ಮನೋವೈದ್ಯರ ಬಳಿಗೆ ಕಳುಹಿಸಿದೆ. ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ಕುಸಿದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಬರೆದುಕೊಟ್ಟೆ. ಅದು 24 ಗಂಟೆಯೂ ಉಚಿತ, ಕನ್ನಡದಲ್ಲಿಯೂ ಮಾತನಾಡುತ್ತಾರೆ.

ವಿಷಯ ತಿಳಿದ ಕೂಡಲೇ ಅವರು ನಡುಗುವ ಕೈಯಲ್ಲಿ ಫೋನ್ ತೆಗೆದು, ಟ್ಯಾಬ್ ಬೇರ್ಪಡಿಸುವುದು ಹೇಗೆ ಎಂದು ಕೇಳಿದರು. ನಾನು ತಡೆದೆ. ಅಮ್ಮ ಬದುಕಿದ್ದಾಳೆ ಎಂದು ತಿಳಿಯಲು ಹುಡುಗನಿಗಿದ್ದ ಕಿಟಕಿ ಅದೊಂದೇ. ಹೇಳದೆ ಮುಚ್ಚಿದರೆ ಅವನು ಕತ್ತಲಲ್ಲಿ ಇನ್ನೂ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾನೆ. ಮೊದಲು ಮಾತು, ಆಮೇಲೆ ಸೆಟ್ಟಿಂಗ್ಸ್ ಎಂದೆ. "ನೀನು ಓದಿದ್ದು ನಿಜ. ಅಮ್ಮನಿಗೆ ಹುಷಾರಿಲ್ಲ, ವೈದ್ಯರಿಗೆ ತೋರಿಸುತ್ತೇವೆ. ನೋಡಿಕೊಳ್ಳುವುದು ದೊಡ್ಡವರ ಕೆಲಸ" ಎಂದು ತಾಯಿಯೇ ಹೇಳಬೇಕೆಂದು ಸೂಚಿಸಿದೆ.

ತಂದೆಯ ಸಲಹೆ ಬೇರೆಯಿತ್ತು. ಜೋಡಣೆ ಹಾಗೇ ಇರಲಿ, ಆಕೆಯ ಸಂದೇಶಗಳನ್ನು ನಾನೇ ಗಮನಿಸುತ್ತಿರುತ್ತೇನೆ ಎಂದರು. ಕಾಳಜಿಯಿಂದಲೇ ಹೇಳಿದ್ದು, ಆದರೂ ನಾನು ಒಪ್ಪಲಿಲ್ಲ. ಯಾರೋ ಓದುತ್ತಿದ್ದಾರೆ ಎಂದು ಗೊತ್ತಾದ ದಿನವೇ ಆಕೆ ಅಕ್ಕನಿಗೆ ಬರೆಯುವುದನ್ನು ನಿಲ್ಲಿಸುತ್ತಾರೆ. ಆಕೆ ಮನಸ್ಸು ಬಿಚ್ಚುತ್ತಿದ್ದುದು ಅಲ್ಲಿ ಮಾತ್ರ. ಅದನ್ನು ಯಾವ ಕಾರಣಕ್ಕೂ ಕಳೆಯಬಾರದು.

ಮುಂದಿನ ವಾರ ಮೂವರೂ ಬಂದಾಗ ಬೇರ್ಪಡಿಸುವ ಕೆಲಸ ಮಾಡಿದೆವು. ವಾಟ್ಸ್‌ಆಪ್‌ನದು ಸುಲಭ: ತಾಯಿಯ ಫೋನಿನಲ್ಲಿ ಲಿಂಕ್ ಮಾಡಿದ ಸಾಧನಗಳ ಪಟ್ಟಿ ತೆರೆದು ಟ್ಯಾಬನ್ನು ಲಾಗ್ ಔಟ್ ಮಾಡುವುದು. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಟ್ಯಾಬ್‌ನಲ್ಲಿದ್ದ ಗೂಗಲ್ ಖಾತೆಯೂ ತಾಯಿಯದೇ. ಮನೋವೈದ್ಯರ ಭೇಟಿಯ ದಿನ ಕ್ಯಾಲೆಂಡರ್‌ನಲ್ಲಿ, ಅವರು ಹುಡುಕಿದ ಔಷಧಿಯ ಹೆಸರು ಬ್ರೌಸರ್‌ನಲ್ಲಿ ಹುಡುಗನಿಗೆ ಕಾಣುತ್ತಿದ್ದವು. ಖಾತೆಯ ಮಾಹಿತಿಯನ್ನು ಎಲ್ಲ ಸಾಧನಗಳಿಗೂ ತರುವ ಸಿಂಕ್ ಗುಂಡಿ ಆರಿಸಿದರೆ ಹೊಸದು ಬರುವುದು ನಿಲ್ಲುತ್ತದೆಯೇ ಹೊರತು ಆಗಲೇ ಬಂದು ಕೂತಿದ್ದು ಹೋಗುವುದಿಲ್ಲ. ಹಾಗಾಗಿ ಖಾತೆಯನ್ನೇ ಟ್ಯಾಬ್‌ನಿಂದ ತೆಗೆದು, ಮಕ್ಕಳ ಖಾತೆಯನ್ನು ಪೋಷಕರು ನೋಡಿಕೊಳ್ಳಲೆಂದು ಗೂಗಲ್ ಕೊಡುವ ಫ್ಯಾಮಿಲಿ ಲಿಂಕ್ ಮೂಲಕ ಹುಡುಗನಿಗೆ ಅವನದೇ ಮಕ್ಕಳ ಖಾತೆ ಮಾಡಿದೆವು. ಫೋಟೋಗಳನ್ನು ಮಾತ್ರ ಒಂದೊಂದಾಗಿ ಅಳಿಸಬೇಡಿ ಎಂದು ಎಚ್ಚರಿಸಿದೆ. ಒಂದೇ ಖಾತೆಯಲ್ಲಿ ಬ್ಯಾಕಪ್ ಆದ ಚಿತ್ರವನ್ನು ಟ್ಯಾಬ್‌ನ ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಫೋನಿನಿಂದಲೂ ಹೋಗುತ್ತದೆ. ಹೋಂವರ್ಕ್‌ಗೆ ಸಂಜೆ ಹತ್ತು ನಿಮಿಷ ತಾಯಿಯ ಪಕ್ಕದಲ್ಲಿ ಕೂತು ಫೋನ್ ನೋಡುವುದೆಂದು ಗೊತ್ತುಮಾಡಿದೆವು.

ಲಾಗ್ ಔಟ್ ಗುಂಡಿ ಒತ್ತಲು ಹುಡುಗನಿಗೇ ಹೇಳಿದೆ. ಅವನು ಬೆರಳು ಎತ್ತಿ ಹಾಗೇ ನಿಂತ. "ಆಮೇಲೆ ನನಗೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಹಾಸಿಗೆ ಹಾಸುವಾಗ ನಾನೇ ಹೇಳುತ್ತೇನೆ. ಕೆಟ್ಟ ದಿನವಾಗಿದ್ದರೂ ಹೇಳುತ್ತೇನೆ" ಎಂದರು. ಅವನು ಒತ್ತಿದ.

ಹೊಟ್ಟೆನೋವು ಪೂರ್ತಿ ಹೋಗಿಲ್ಲ, ವಾರಕ್ಕೊಮ್ಮೆ ಬರುತ್ತದೆ. ರಾತ್ರಿ ಈಗಲೂ ಒಂದು ಸಲ ಏಳುತ್ತಾನಂತೆ. ಆದರೆ ಬೆರಳು ಹಿಡಿಯಲು ಎದ್ದು ಹೋಗುವುದಿಲ್ಲ. ಮಲಗಿದಲ್ಲಿಂದಲೇ "ಅಮ್ಮಾ" ಎನ್ನುತ್ತಾನೆ, ಆಕೆ "ಹೂಂ" ಎನ್ನುತ್ತಾರೆ.