ಓದುಗರ ಪ್ರಶ್ನೆ: ಎರಡು ಶಾಲೆ ಸೇರಿದರೆ ದುಡ್ಡು ಹೆಚ್ಚುತ್ತದೆಯೇ?

ಪ್ರಶ್ನೆ: ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 9 ಮಕ್ಕಳು, ಎರಡು ಕಿ.ಮೀ. ದೂರದ ಪಕ್ಕದೂರಿನ ಶಾಲೆಯಲ್ಲಿ 14. ಎರಡನ್ನೂ ಒಂದು ಮಾಡಿದರೆ ಅನುದಾನ ಜಾಸ್ತಿಯಾಗುತ್ತದೆ ಎನ್ನುತ್ತಾರೆ, ನಿಜವೇ? ಖಾಲಿ ಕಟ್ಟಡದ ಗತಿ ಏನು?

ಉತ್ತರ: ಜಾಸ್ತಿಯಾಗದು, ಕಡಿಮೆಯಾಗುತ್ತದೆ. ಶಾಲೆಗಳಿಗೆ ಹಣ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ನಿಂತಿರುವುದು ಮಕ್ಕಳ ಸಂಖ್ಯೆಯ ಮೇಲೆ: 30ರವರೆಗೆ ವರ್ಷಕ್ಕೆ 10,000 ರೂ., 100ರವರೆಗೆ 25,000. ಈಗ ಎರಡು ಶಾಲೆಗೆ ಸೇರಿ 20,000 ಬರಬೇಕು; ಒಂದಾದ ಮೇಲೆ 23 ಮಕ್ಕಳಿಗೆ 10,000 ಮಾತ್ರ. ಉಳಿತಾಯ ಆಗುವುದು ಸಂಬಳದ ಬಾಬಿನಲ್ಲಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು, ಅಂದರೆ ನಾಲ್ಕು ಹುದ್ದೆ ಎರಡಾಗುತ್ತದೆ. ಆ ಹಣ ನಿಮ್ಮ ಶಾಲೆಗೆ ಬರುವುದಿಲ್ಲ, ಬಿಡಿ.

ಅಡ್ಡಿ ಇರುವುದು ದೂರದಲ್ಲಿ. ಕೇಂದ್ರದ ಆರ್‌ಟಿಇ ನಿಯಮದಂತೆ 1ರಿಂದ 5ನೇ ತರಗತಿಗೆ ನಡಿಗೆಯ ಒಂದು ಕಿ.ಮೀ. ಒಳಗೆ ಶಾಲೆ ಇರಬೇಕು. ಎರಡು ಕಿ.ಮೀ. ಅಂದರೆ ಸಾರಿಗೆ ವ್ಯವಸ್ಥೆ ಬೇಕೇ ಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹಳ್ಳ, ಹೆದ್ದಾರಿ, ಮಳೆಗಾಲದ ದಾರಿಯನ್ನು ನಮೂದಿಸಿ ನಡಾವಳಿ ಬರೆಸಿ, ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಕ್ಷೆಯಲ್ಲಿ ಅಳೆದ ನೇರ ಅಂತರಕ್ಕೂ ಮಗು ನಡೆಯುವ ದಾರಿಗೂ ಸಂಬಂಧವೇ ಇರುವುದಿಲ್ಲ.

ಕಟ್ಟಡದ ವಿಷಯದಲ್ಲಿ ಮೊದಲು ಪಹಣಿ ನೋಡಿ. ಬಾಯಿಮಾತಿನಲ್ಲಿ ದಾನ ಕೊಟ್ಟ ಜಾಗ ಇನ್ನೂ ದಾನಿಯ ಹೆಸರಲ್ಲೇ ಇದ್ದರೆ, ಶಾಲೆ ಖಾಲಿಯಾದ ಮೇಲೆ ವಾರಸುದಾರರು ಕೇಳಿಕೊಂಡು ಬರುತ್ತಾರೆ. ಖಾತೆ ಸರಿಮಾಡಿಸದೆ ಬೀಗ ಹಾಕಿಸಬೇಡಿ. ಕಟ್ಟಡ ಗಟ್ಟಿಯಾಗಿದ್ದರೆ ಅಂಗನವಾಡಿಗೋ ಗ್ರಂಥಾಲಯಕ್ಕೋ ಕೊಡಿಸಿ.