ಹಾಸ್ಟೆಲ್ ಕಟ್ಟಲು ಸಾಲವೇ, ಖಾಸಗಿ ಪಾಲುದಾರರೇ?

ಸರ್ಕಾರಿ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಸಾಲ ತರಬೇಕೇ, ಖಾಸಗಿಯವರಿಗೆ ಜಾಗ ಗುತ್ತಿಗೆ ಕೊಡಬೇಕೇ ಎಂದು ಕೇಳಿದ್ದೀರಿ. ವಿಶ್ವವಿದ್ಯಾಲಯವೊಂದರ ಹಣಕಾಸು ವಿಭಾಗದಲ್ಲಿದ್ದಾಗ ನಾವೂ ಇದರ ಮೇಲೆಯೇ ಆರು ತಿಂಗಳು ಜಗ್ಗಾಡಿದೆವು. ಕೊನೆಗೆ ಸಾಲ ಎಂದಾಯಿತು. ಬಡ್ಡಿಯನ್ನು ಚೌಕಾಸಿ ಮಾಡಿ ಇಳಿಸಿದೆವು ಕೂಡ. ನಮ್ಮನ್ನು ಮುಳುಗಿಸಿದ್ದು ತಾರೀಖು.

ಕಂತು ಯಾವಾಗ ಶುರುವಾಗಬೇಕು ಎಂಬ ಕಲಮನ್ನು ಬರೆದವನು ನಾನು. ತರಗತಿ ಆರಂಭವಾಗುವ ತಿಂಗಳಿಗೆ ಕಟ್ಟಡ ಮುಗಿಯುತ್ತದೆ, ಅಂದಿನಿಂದಲೇ ಬಾಡಿಗೆ ಬರುತ್ತದೆ, ಅದರಲ್ಲೇ ಕಂತು ಕಟ್ಟೋಣ ಎಂದು ಲೆಕ್ಕ ಹಾಕಿದ್ದೆ. ಕೆಲಸ ಎರಡೂವರೆ ತಿಂಗಳು ತಡವಾಯಿತು. ಎರಡೂವರೆ ತಿಂಗಳ ಬಾಡಿಗೆ ಹೋಯಿತು, ಅಷ್ಟೇ ಎಂದುಕೊಂಡೆ. ಅಲ್ಲೇ ಎಡವಿದ್ದು. ಬಾಡಿಗೆ ಮನೆಗೆ ಯಾವ ತಿಂಗಳಲ್ಲಾದರೂ ಜನ ಬರುತ್ತಾರೆ. ಹಾಸ್ಟೆಲಿಗೆ ಬರುವುದು ವರ್ಷಕ್ಕೆ ಒಂದೇ ಸಲ. ನಾವು ಬಾಗಿಲು ತೆರೆಯುವಷ್ಟರಲ್ಲಿ ಮಕ್ಕಳು ಹೊರಗೆ ಕೋಣೆ ಹಿಡಿದು ಮುಂಗಡ ಕೊಟ್ಟಾಗಿತ್ತು. ಅರ್ಧಕ್ಕಿಂತ ಹೆಚ್ಚು ಸೀಟು ಇಡೀ ವರ್ಷ ಖಾಲಿ. ಮೂರನೇ ಮಹಡಿಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಹಾಸಿಗೆಗಳು ಗೋಡೆಗೊರಗಿ ನಿಂತಿದ್ದವು. ನಂಬರಿನ ಚೀಟಿ ಕಟ್ಟಿದ ಬೀಗದ ಕೈಗಳು ವಾರ್ಡನ್ನರ ಮೇಜಿನ ಖಾನೆಯಲ್ಲಿ ಹಾಗೆಯೇ ಬಿದ್ದಿದ್ದವು. ಕಂತು ಕಟ್ಟಲು ಹಳೆಯ ಹಾಸ್ಟೆಲುಗಳ ಶುಲ್ಕ ಏರಿಸಿದೆವು. ಸೋರುವ ಕೋಣೆಯಲ್ಲಿ ಮಲಗುವವರು ಹೊಸ ಕಟ್ಟಡದ ಖಾಲಿ ಕೋಣೆಗೆ ಹಣ ತೆತ್ತರು. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕಟ್ಟುವ ಅವಧಿಯ ಬಡ್ಡಿಯನ್ನು ಯೋಜನಾ ವೆಚ್ಚದಲ್ಲೇ ಸೇರಿಸಿ. ಶೇ. 9ರ ಸಾಲ 2 ವರ್ಷಗಳಲ್ಲಿ ಸಮನಾಗಿ ಕೈಸೇರಿದರೆ, ಮೊದಲ ವಿದ್ಯಾರ್ಥಿ ಬರುವ ಮುಂಚೆಯೇ ಅಸಲಿನ ಸುಮಾರು ಶೇ. 9ರಷ್ಟು ಬಡ್ಡಿಗೇ ಹೋಗುತ್ತದೆ. ಅದರಾಚೆಗೂ ಅಸಲಿನ ಕಂತಿಗೆ ಒಂದು ವರ್ಷದ ವಿನಾಯಿತಿ ಕೇಳಿ. ಬ್ಯಾಂಕಿನವರು ಮುಖ ಗಂಟಿಕ್ಕಿದರೂ ಬಿಡಬೇಡಿ. ಕಟ್ಟಡ ಮುಗಿಯುವ ತಾರೀಖು ತರಗತಿ ಆರಂಭಕ್ಕಿಂತ ಕನಿಷ್ಠ ನಾಲ್ಕು ತಿಂಗಳು ಮೊದಲಿರಲಿ. ಅದು ಆಗದ ಮಾತು ಎಂದು ಗುತ್ತಿಗೆದಾರರು ಹೇಳಿದರೆ ಮುಂದಿನ ವರ್ಷದ ಪ್ರವೇಶಕ್ಕೇ ತೆರೆಯಿರಿ, ಕಂತನ್ನೂ ಅಲ್ಲಿಗೇ ತಳ್ಳಿಸಿ.

ಇನ್ನು ಖಾಸಗಿಯವರು ಬಂದರೆ ನಷ್ಟದ ಭಯ ಅವರದು ಎನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪಂದದಲ್ಲಿ ಕನಿಷ್ಠ ಭರ್ತಿಯ ಖಾತರಿ ಕೇಳಿದ್ದಾರೆಯೇ ನೋಡಿ. ಕೇಳಿದ್ದರೆ ಖಾಲಿ ಸೀಟಿನ ದುಡ್ಡು ನಿಮ್ಮ ಬೊಕ್ಕಸದಿಂದಲೇ ಹೋಗುತ್ತದೆ, ಬಾಡಿಗೆ ಏರಿಸುವ ಹಿಡಿತವೂ ಕೈತಪ್ಪಬಹುದು. ಅಷ್ಟೆಲ್ಲ ಪೆಟ್ಟು ತಿಂದ ಮೇಲೂ ನಾನು ಸಾಲವನ್ನೇ ಆರಿಸುತ್ತೇನೆ. ಮೊದಲ ವರ್ಷ ಕೋಣೆಗಳು ಖಾಲಿ ಉಳಿದರೆ ಹಣ ಕಟ್ಟುವವರು ಯಾರು ಎಂಬುದು ನಿಮ್ಮ ಕರಡಿನಲ್ಲಿ ಬರೆದಿದೆಯೇ? ಇಲ್ಲವಾದರೆ ಸಹಿ ಹಾಕಬೇಡಿ.