ದುರ್ಗಾ ಮಾತಾಡಿದ್ರೆ ಅದು ಸುಳ್ಳಾ?

ಈ ಸಲದ ಪತ್ರಗಳಲ್ಲಿ ಒಂದಕ್ಕೆ ಎರಡು ಸಾಲಲ್ಲಿ ಉತ್ತರ ಕೊಟ್ಟು ಮುಗಿಸೋಕೆ ಮನಸ್ಸಾಗ್ಲಿಲ್ಲ. ಬರೆದೋರು ತೀರ್ಥಹಳ್ಳಿ ಕಡೆಯವರು, 29 ವರ್ಷ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಿಲ್ಲ. ವಿಷಯ ಇಷ್ಟು. ಪ್ರತಿ ಬುಧವಾರ ಮೀಟಿಂಗಲ್ಲಿ ಇವರ ಸರದಿ ಬರ್ತಿದ್ದ ಹಾಗೇ ಗಂಟಲು ಕಟ್ಟುತ್ತೆ, ಚೆನ್ನಾಗಿ ಗೊತ್ತಿರೋದೂ ಮರ್ತು ಹೋಗುತ್ತೆ. ಗೆಳತಿಯೊಬ್ಬಳು, ಅಮೆರಿಕದ ಹಾಡುಗಾರ್ತಿ ಬಿಯಾನ್ಸೆ ಸ್ಟೇಜ್ ಹತ್ತೋಕೆ ಸಾಶಾ ಫಿಯರ್ಸ್ ಅಂತ ಇನ್ನೊಬ್ಬಳನ್ನ ಹುಟ್ಟಿಸ್ಕೊಂಡಿದ್ಲು, ನೀನೂ ಹಾಗೇ ಮಾಡು ಅಂದ್ಳಂತೆ. ಇವರು ದುರ್ಗಾ ಅಂತ ಹೆಸರಿಟ್ರು. ಮೂರು ವಾರ ದುರ್ಗಾ ಮಾತಾಡಿದ್ಲು, ಚೆನ್ನಾಗೇ ಮಾತಾಡಿದ್ಲು. ಆಮೇಲೆ ಅಮ್ಮನಿಗೆ ಫೋನಲ್ಲಿ ಹೇಳಿದಾಗ ಅವರು, ಇದ್ದ ಹಾಗೆ ಇರು ಮಗಾ, ವೇಷ ಎಲ್ಲ ಯಾಕೆ ಅಂದುಬಿಟ್ರು. ಈಗ ಇವರಿಗೆ ನಿದ್ದೆ ಇಲ್ಲ, "ನಾನು ಎಲ್ರಿಗೂ ಸುಳ್ಳು ಹೇಳ್ತಿದೀನಾ ಸರ್?" ಅಂತ ಕೇಳಿದ್ದಾರೆ. ಕೊನೇಲಿ ಇನ್ನೊಂದು ಸಾಲು ಇದೆ: ಟೀಮಿನ ಸೀನಿಯರ್ ಒಬ್ಬರು ಇವರ ಮಾತಿನ ಮಧ್ಯೆ ಬಾಯಿ ಹಾಕ್ತಾರೆ, ಇವರು ಹೇಳಿದ್ದನ್ನೇ ತಮ್ಮದು ಅಂತ ಹೇಳ್ತಾರೆ, ದುರ್ಗಾ ಬಂದ್ಮೇಲೂ ಅದು ನಿಂತಿಲ್ಲ. ಆ ಸಾಲಿಗೆ ಆಮೇಲೆ ಬರ್ತೀನಿ.

ನೋಡಿಯಮ್ಮ, ನಿಮ್ಮದೇ ಪತ್ರದಲ್ಲಿ ಒಂದು ಮಾತು ಬರೆದು ಹಾಗೇ ಮುಂದೆ ಹೋಗಿಬಿಟ್ಟಿದ್ದೀರಿ, ಚಿಕ್ಕವರಿದ್ದಾಗ ಅಪ್ಪನ ಜೊತೆ ಕಂಬಳಿ ಹೊದ್ಕೊಂಡು ಬೆಳಗಿನ ತನಕ ಯಕ್ಷಗಾನದ ಆಟ ನೋಡ್ತಿದ್ರಿ ಅಂತ. ವೇಷ ಕಟ್ಕೊಳ್ಳೋ ಜಾಗ ಚೌಕಿಗೆ ಇಣುಕಿ ನೋಡಿರ್ತೀರಿ ಹಾಗಾದ್ರೆ. ಅಲ್ಲಿ ಒಬ್ಬ ಮನುಷ್ಯ ಕಾಲು ಮಡಚಿ ಕೂತು, ಕನ್ನಡಿ ಹಿಡ್ಕೊಂಡು, ತನ್ನ ಮುಖಕ್ಕೆ ತಾನೇ ಬಣ್ಣ ಬರ್ಕೊಳ್ತಿರ್ತಾನೆ. ಮಧ್ಯಾಹ್ನ ತೋಟದಲ್ಲಿ ಅಡಿಕೆ ಹೆಕ್ಕಿದವನೇ ಇರಬಹುದು, ಮೆತ್ತಗೆ ಮಾತಾಡೋ ಸ್ವಭಾವದವನೇ ಇರಬಹುದು. ಗೆಜ್ಜೆ ಕಟ್ಟಿ ರಂಗಸ್ಥಳಕ್ಕೆ ಹೋದ್ಮೇಲೆ ಅವನು ಭೀಮ. ಅವನನ್ನ ಯಾರಾದ್ರೂ ಸುಳ್ಳ ಅಂದಿದ್ದಾರಾ? ನಿಮ್ಮಮ್ಮನೂ ಅನ್ನಲ್ಲ.

ಆದ್ರೂ ಅಮ್ಮನ ಆತಂಕ ನಂಗೆ ಅರ್ಥ ಆಗುತ್ತೆ. ಆಟಕ್ಕೆ ಬಂದೋರಿಗೆಲ್ಲ ಅದು ಆಟ ಅಂತ ಗೊತ್ತಿರುತ್ತೆ, ನಿಮ್ಮ ಮೀಟಿಂಗಲ್ಲಿ ಇರೋರಿಗೆ ದುರ್ಗಾ ವಿಷಯ ಗೊತ್ತಿಲ್ಲ, ಅದೇ ತಾನೇ? ಅದಕ್ಕೆ ಆಟ ಬಿಟ್ಟು, ಯಕ್ಷಗಾನದ್ದೇ ಮಾತಿನ ರೂಪ ತಾಳಮದ್ದಳೆ ನೆನಪಿಸ್ಕೊಳಿ. ಅಲ್ಲಿ ಬಣ್ಣ ಇಲ್ಲ, ಕಿರೀಟ ಇಲ್ಲ, ಗೆಜ್ಜೆ ಇಲ್ಲ. ಪಂಚೆ ಉಟ್ಟು ಶಾಲು ಹಾಕ್ಕೊಂಡ ನಾಲ್ಕು ಜನ ಎದುರುಬದುರು ಕೂತಿರ್ತಾರೆ, ಭಾಗವತರು ಒಂದು ಪದ್ಯ ಹೇಳ್ತಾರೆ, ಅದರ ಮೇಲೆ ಅರ್ಥಧಾರಿ ಮಾತು ಶುರು ಮಾಡ್ತಾನೆ, ಬರೆದಿಟ್ಟ ಡೈಲಾಗ್ ಒಂದೂ ಇಲ್ಲ, ಎದುರಿನ ಕೃಷ್ಣ ಏನು ಕೇಳ್ತಾನೋ ಅದಕ್ಕೆ ಈ ಕರ್ಣ ಅಲ್ಲೇ ಉತ್ತರ ಕೊಡ್ಬೇಕು. ನಿಮ್ಮ ಬುಧವಾರ ಇದಕ್ಕಿಂತ ಬೇರೆ ಏನು? ಕೂತ ಜಾಗ, ಬರೀ ಮಾತು, ಎದುರಿಂದ ಯಾವ ಪ್ರಶ್ನೆ ಬರುತ್ತೋ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ದೊಡ್ಡ ಅರ್ಥಧಾರಿಗಳು ಪಾತ್ರ ಅಂತ ಕೂತ್ರೂ ಅಲ್ಲಿ ಬರ್ತಿದ್ದಿದ್ದು ಅವರದೇ ಓದು, ಅವರದೇ ಬುದ್ಧಿ, ಅವರದೇ ನಾಲಿಗೆ. ಪಾತ್ರ ಅದಕ್ಕೆ ಒಂದು ಬಾಗಿಲು ತೆಗೀತಿತ್ತು ಅಷ್ಟೇ. ದುರ್ಗಾ ಹೇಳಿದ ಬಗ್ ಯಾರು ಹುಡುಕಿದ್ದು? ನೀವು. ರಾತ್ರಿ ಕೂತು ರಿಪೋರ್ಟ್ ಮಾಡಿದ್ದು ಯಾರು? ನೀವೇ. ಹೇಳಿದ ಮಾತು ನಿಜ ಆಗಿದ್ರೆ ಸುಳ್ಳು ಎಲ್ಲಿಂದ ಬಂತು? ದುರ್ಗಾ ಹೆಸರಲ್ಲಿ ಮಾಡದ ಕೆಲಸ ಮಾಡಿದ್ದೀನಿ ಅಂದಿದ್ರೆ ಅದು ಸುಳ್ಳಾಗ್ತಿತ್ತು, ನೀವು ಹಾಗೆ ಮಾಡಿಲ್ಲ.

ಇದು ಯಾಕೆ ಕೆಲಸ ಮಾಡುತ್ತೆ ಅಂತಲೂ ಕೇಳಿದ್ದೀರಿ. ಭಯ ಆದಾಗ ನಮ್ಮ ಗಮನ ಪೂರ್ತಿ ನಮ್ಮ ಮೇಲೇ ಇರುತ್ತೆ, ದನಿ ನಡುಗ್ತಿದ್ಯಾ, ಇಂಗ್ಲಿಷ್ ತಪ್ಪಾಯ್ತಾ, ಅವ್ರು ಏನಂದ್ಕೊಂಡ್ರು, ಹೀಗೆ ನಮ್ಮನ್ನ ನಾವೇ ಕಾವಲು ಕಾಯ್ತಾ ಕೂತ್ರೆ ಹೇಳಬೇಕಾದ ವಿಷಯಕ್ಕೆ ಜಾಗನೇ ಇರಲ್ಲ. ಇನ್ನೊಬ್ಬರ ಹೆಸರು ಹಿಡಿದ ಕೂಡ್ಲೇ ಆ ಕಾವಲು ಸ್ವಲ್ಪ ಸಡಿಲ ಆಗುತ್ತೆ. ಅಮೆರಿಕದಲ್ಲಿ ನಾಲ್ಕು ಮತ್ತು ಆರು ವರ್ಷದ 180 ಮಕ್ಕಳ ಜೊತೆ ಮಾಡಿದ ಒಂದು ಅಧ್ಯಯನ 2017ರಲ್ಲಿ ಬಂತು. ಬೇಜಾರು ಹಿಡಿಸೋ ಕೆಲಸ ಒಂದು ಕೊಟ್ಟು ಪಕ್ಕದಲ್ಲೇ ಐಪ್ಯಾಡ್ ಗೇಮ್ ಇಟ್ರು, ಹತ್ತು ನಿಮಿಷ. ಕೆಲವರಿಗೆ 'ನಾನು ಚೆನ್ನಾಗಿ ಕೆಲಸ ಮಾಡ್ತಿದೀನಾ' ಅಂತ ಕೇಳ್ಕೊಳ್ಳೋಕೆ ಹೇಳಿದ್ರು, ಕೆಲವರಿಗೆ ತಮ್ಮ ಹೆಸರು ಹಿಡಿದು ಕೇಳ್ಕೊಳ್ಳೋಕೆ, ಇನ್ನು ಕೆಲವರಿಗೆ ಬ್ಯಾಟ್‌ಮ್ಯಾನೋ ಡೋರಾನೋ ಆಗಿ 'ಬ್ಯಾಟ್‌ಮ್ಯಾನ್ ಚೆನ್ನಾಗಿ ಕೆಲಸ ಮಾಡ್ತಿದಾನಾ' ಅಂತ. ಕೆಲಸ ಬಿಡದೆ ಹೆಚ್ಚು ಹೊತ್ತು ಕೂತಿದ್ದು ಬ್ಯಾಟ್‌ಮ್ಯಾನ್ ಗುಂಪು. ಹಾಗಂತ ಪವಾಡ ಏನೂ ಆಗ್ಲಿಲ್ಲ, ಒಟ್ಟು ನೋಡಿದ್ರೆ ಮಕ್ಕಳು ಜಾಸ್ತಿ ಹೊತ್ತು ಐಪ್ಯಾಡಲ್ಲೇ ಕಳೆದ್ರು. ಅದನ್ನೂ ಹೇಳ್ಬೇಕು.

ನಿಮಗೆ ಇನ್ನೂ ಹತ್ತಿರ ಇರೋದು ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ಮತ್ತು ಜೊತೆಯವರು 2014ರಲ್ಲಿ ಪ್ರಕಟಿಸಿದ ಕೆಲಸ. ಭಾಷಣಕ್ಕೆ ನಿಲ್ಲೋ ಮುಂಚೆ 'ನಂಗ್ಯಾಕೆ ಭಯ' ಅಂತ ಯೋಚಿಸಿದೋರಿಗಿಂತ, ತಮ್ಮದೇ ಹೆಸರು ಹಿಡಿದು ಹೊರಗಿನವರ ಥರ 'ಇವಳಿಗೆ ಯಾಕೆ ಭಯ' ಅಂತ ಕೇಳ್ಕೊಂಡೋರು ಚೆನ್ನಾಗಿ ಮಾತಾಡಿದ್ರು, ಆಮೇಲೆ ಕೊರಗಿದ್ದೂ ಕಮ್ಮಿ. ಅಂದ್ರೆ ದುರ್ಗಾನೇ ಬೇಕು ಅಂತಿಲ್ಲ, ಒಂದು ದಿನ ಅಮ್ಮ ಇಟ್ಟ ಹೆಸರಲ್ಲೇ ನಿಮ್ಮನ್ನ ಕರೆದು ನೋಡಿ.

ಮೀಟಿಂಗ್ ದಿನಕ್ಕೆ ಅಂತ ಹೊಸ ಬ್ಲೇಜರ್ ತಗೊಳ್ಳೋ ಯೋಚನೆ ಬೇಡ. ಡಾಕ್ಟರ್ ಕೋಟ್ ಹಾಕ್ಕೊಂಡ್ರೆ ಗಮನ ಹೆಚ್ಚುತ್ತೆ ಅಂತ 2012ರಲ್ಲಿ ಒಂದು ಅಧ್ಯಯನ ತುಂಬಾ ಹೆಸರು ಮಾಡಿತ್ತು, ಆಮೇಲೆ ಬೇರೆಯವರು ಅದನ್ನೇ ಇನ್ನೂ ಹೆಚ್ಚು ಜನರ ಜೊತೆ ಮಾಡಿದಾಗ ಆ ಫಲಿತಾಂಶ ಸಿಗ್ಲಿಲ್ಲ. ದುರ್ಗಾ ಆಗೋವಾಗ ನಿಮ್ಮ ಅಜ್ಜಿಯ ವಾಚ್ ಕಟ್ಕೊಳ್ತೀನಿ ಅಂತ ಪತ್ರದಲ್ಲಿ ಬರೆದಿದ್ರಲ್ಲ, ಅದು ಸಾಕು.

ನಂಗೆ ನಿಜವಾಗ್ಲೂ ಕಾಳಜಿ ಇರೋದು ದುರ್ಗಾ ಬರೋ ಬಗ್ಗೆ ಅಲ್ಲ, ಅವಳು ವಾಪಸ್ ಹೋಗೋ ಬಗ್ಗೆ. ಡೇವಿಡ್ ಬೋವಿ ಅಂತ ಇಂಗ್ಲೆಂಡಿನ ಹಾಡುಗಾರ, 1972ರಲ್ಲಿ ಜಿಗ್ಗಿ ಸ್ಟಾರ್‌ಡಸ್ಟ್ ಅನ್ನೋ ಪಾತ್ರ ಕಟ್ಕೊಂಡ, ಪ್ರಪಂಚನೇ ಹುಚ್ಚಾಯ್ತು. 1973ರ ಜುಲೈ 3ರಂದು ಲಂಡನ್ನಿನ ಸ್ಟೇಜ್ ಮೇಲೆ ಇದೇ ಕೊನೆ ಶೋ ಅಂತ ಅದನ್ನ ಮುಗಿಸಿದ. ಪಾತ್ರ ಮುಗೀತು, ಆದ್ರೆ ಜಿಗ್ಗಿ ತನ್ನನ್ನ ವರ್ಷಗಟ್ಟಲೆ ಬಿಡ್ಲಿಲ್ಲ ಅಂತ ಆಮೇಲೆ ಅವನೇ ಹೇಳ್ಕೊಂಡಿದ್ದಾನೆ. ಬಿಯಾನ್ಸೆದು ಬೇರೆ ಥರ, 2008ರಲ್ಲಿ ಸಾಶಾ ಹೆಸರನ್ನ ಆಲ್ಬಂ ಮೇಲೇ ಹಾಕಿದವಳು 2010ರ ಹೊತ್ತಿಗೆ ನಂಗೆ ಇನ್ನು ಅವಳು ಬೇಡ, ಎರಡನ್ನೂ ಒಂದು ಮಾಡ್ಕೊಂಡಿದೀನಿ ಅಂದ್ಳು. ನಿಮ್ಮ ಊರಿನ ವೇಷಧಾರಿ ಬೆಳಗಿನ ಜಾವ ಚೌಕಿಗೆ ಬಂದು ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸ್ಕೊಳ್ತಾನಲ್ಲ, ಆ ಎಣ್ಣೆ ನಿಮಗೂ ಬೇಕು. ಕಾಲ್ ಕಟ್ ಆದ್ಮೇಲೆ ವಾಚ್ ಬಿಚ್ಚಿ ಡ್ರಾಯರಲ್ಲಿ ಇಡಿ, ಹೋಗಿ ಕಾಫಿ ಮಾಡ್ಕೊಳಿ. ದುರ್ಗಾ ಅಮ್ಮನ ಜೊತೆ ಫೋನಲ್ಲಿ ಮಾತಾಡೋದು ಬೇಡ, ಆ ಹೊತ್ತಿಗೆ ನೀವೇ ಬೇಕು.

ನಮ್ಮ ಬೇಂದ್ರೆಯವರ ವಿಷಯ ಇಲ್ಲಿ ಹೇಳದೆ ಇರೋಕಾಗಲ್ಲ. ಕವಿತೆ ಬರೆಯೋನು ಅಂಬಿಕಾತನಯದತ್ತ, ಅದು ಒಳಗಿನ ದನಿ, ಬೇಂದ್ರೆ ಬೇರೆ ಅಂತ ಅವರು ತಿಳ್ಕೊಂಡಿದ್ರು. ಆ ಹೆಸರಲ್ಲಿ ಇರೋದು ಯಾರು? ಅವರ ತಾಯಿ ಅಂಬಿಕೆ, ಅವರೇ ದತ್ತ. ದೂರದಿಂದ ತಂದ ಹೆಸರಲ್ಲ ಅದು. ಆದ್ರೂ 'ನರಬಲಿ' ಕವಿತೆಗೆ ಬ್ರಿಟಿಷರು ಜೈಲಿಗೆ ಹಾಕಿದಾಗ ಹೋಗಿದ್ದು ಧಾರವಾಡದ ಬೇಂದ್ರೆ ಮಾಸ್ತರ್ರೇ.

ಈಗ ಆ ಸೀನಿಯರ್ ವಿಷಯ. ಅದನ್ನ ದುರ್ಗಾ ಮೇಲೆ ಹಾಕ್ಬೇಡಿ, ದಯವಿಟ್ಟು. ನಿಮ್ಮ ಮಾತು ಕಿತ್ಕೊಳ್ಳೋದು ಅವರ ತಪ್ಪು, ನಿಮ್ಮ ಧೈರ್ಯದ ಕೊರತೆ ಅಲ್ಲವೇ ಅಲ್ಲ, ಎಷ್ಟು ಆತ್ಮವಿಶ್ವಾಸ ಬೆಳೆಸ್ಕೊಂಡ್ರೂ ಇನ್ನೊಬ್ಬರ ಕೆಟ್ಟ ಅಭ್ಯಾಸ ಹೋಗಲ್ಲ. ಮೀಟಿಂಗ್ ಹಿಂದಿನ ದಿನವೇ ನಿಮ್ಮ ಪಾಯಿಂಟ್‌ಗಳನ್ನ ಎಲ್ರಿಗೂ ಮೇಲ್ ಮಾಡಿ. ಎರಡು ಮೂರು ಸಲ ಆದದ್ದನ್ನ ದಿನಾಂಕ ಸಮೇತ ಬರೆದಿಟ್ಕೊಂಡು ಮ್ಯಾನೇಜರ್‌ಗೆ ಕಳಿಸಿ. ಆ ಮೇಲ್ ಬರೆಯೋವಾಗ ಯಾವ ಪಾತ್ರನೂ ಬೇಡ, ಕೆಳಗೆ ನಿಮ್ಮ ಪೂರ್ತಿ ಹೆಸರು ಹಾಕಿ.